ಪಣಕ್ಕಿಟ್ಟದ್ದು ಯಾರ ಹಣ? ‘ಕ್ಯಾಸಿನೊ’ ಚಲನಚಿತ್ರವೂ ನೋಡುಗರ ಅಭಿಪ್ರಾಯವೂ

ಚಲನಚಿತ್ರವೊಂದನ್ನು ಚರಿತ್ರೆಯ ಆಕರವೆಂದು ಸ್ವೀಕರಿಸುವಾಗ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ನಡೆದ ಸಂಗತಿಗಳನ್ನು ಚಿತ್ರವು ಎಷ್ಟರಮಟ್ಟಿಗೆ ಯಥಾವತ್ತಾಗಿ ನಿರೂಪಿಸಿದೆ ಎಂಬುದು ಮೊದಲನೆಯದು. ನೋಡುಗರು ಅದರಲ್ಲಿ ಏನನ್ನು ಕಂಡರು, ಏನನ್ನು ಕಂಡೂ ಕಾಣದೆ ಹೋದರು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ನ್ಯಾಯಾಲಯದ ದಾಖಲೆಗಳೂ ಪತ್ರಿಕಾ ವರದಿಗಳೂ ಉತ್ತರ ಕೊಡಬಲ್ಲವು. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ನೋಡುಗರ ಮೆಚ್ಚುಗೆ, ಬೇಸರ ಮತ್ತು ಆಕ್ಷೇಪಗಳನ್ನೇ ಸಾಕ್ಷ್ಯವಾಗಿ ಪರಿಗಣಿಸುವುದು ಅನಿವಾರ್ಯ. ಅಮೆರಿಕದ ಜೂಜಿನ ಉದ್ಯಮ ಹಾಗೂ ಅದರ ಹಿಂದಿದ್ದ ಅಪರಾಧಕೂಟಗಳನ್ನು ಕುರಿತ ‘ಕ್ಯಾಸಿನೊ’ ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶಿಸಿದ ಈ ಚಿತ್ರವು 1995ರ ನವೆಂಬರಿನಲ್ಲಿ ತೆರೆಕಂಡಿತು. ಪತ್ರಕರ್ತ ನಿಕೊಲಸ್ ಪಿಲೆಜಿ ಅದೇ ವರ್ಷ ಪ್ರಕಟಿಸಿದ ಗ್ರಂಥವು ಇದಕ್ಕೆ ಆಧಾರ. ಚಿತ್ರಕಥೆಯನ್ನು ಇಬ್ಬರೂ ಕೂಡಿ ರಚಿಸಿದರು. ಕಥೆಯ ಕಾಲ 1970ರ ದಶಕ ಮತ್ತು 1980ರ ದಶಕದ ಆರಂಭ. ಸ್ಥಳ ನೆವಾಡ ರಾಜ್ಯದ ಲಾಸ್ ವೇಗಸ್. ಆ ರಾಜ್ಯವು 1931ರಲ್ಲಿಯೇ ಜೂಜನ್ನು ಶಾಸನಬದ್ಧಗೊಳಿಸಿತ್ತು. ಚಿತ್ರದಲ್ಲಿ ‘ಟ್ಯಾಂಜಿಯರ್ಸ್’ ಎಂದು ಕರೆಯಲ್ಪಟ್ಟಿರುವ ಜೂಜುಗೃಹವು ವಾಸ್ತವದಲ್ಲಿ ‘ಸ್ಟಾರ್‌ಡಸ್ಟ್’. ರಾಬರ್ಟ್ ಡಿ ನೀರೊ ಅಭಿನಯಿಸಿದ ಸ್ಯಾಮ್ ರಾತ್‌ಸ್ಟೀನ್ ಪಾತ್ರಕ್ಕೆ ಮೂಲ ಷಿಕಾಗೊದ ಫ್ರ್ಯಾಂಕ್ ರೋಸೆಂತಾಲ್. ಜೋ ಪೆಶಿಯ ನಿಕಿ ಸ್ಯಾಂಟೊರೊ ಪಾತ್ರಕ್ಕೆ ಮೂಲ ಆಂಥನಿ ಸ್ಪಿಲೋಟ್ರೊ. ಶರಾನ್ ಸ್ಟೋನ್ ವಹಿಸಿದ ಜಿಂಜರ್ ಪಾತ್ರವು ರೋಸೆಂತಾಲನ ಪತ್ನಿಯನ್ನು ಆಧರಿಸಿದೆ.

ಚಿತ್ರವನ್ನು ಕುರಿತು ಅಂದಿನಿಂದ ಇಂದಿನವರೆಗೆ ವ್ಯಕ್ತವಾಗಿರುವ ಅಭಿಪ್ರಾಯಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಇದೇ ನಿರ್ದೇಶಕ, ಇದೇ ಲೇಖಕ ಹಾಗೂ ಇದೇ ಇಬ್ಬರು ನಟರು 1990ರಲ್ಲಿ ಕೊಟ್ಟಿದ್ದ ‘ಗುಡ್‌ಫೆಲ್ಲಾಸ್’ ಚಿತ್ರದ ಪುನರಾವೃತ್ತಿ ಇದೆಂಬುದು ಮೊದಲನೆಯದು. ಬಿಡುಗಡೆಯ ದಿನಗಳಲ್ಲಿ ಈ ದೂರು ಪ್ರಬಲವಾಗಿತ್ತು. ಸುಮಾರು ಮೂರು ಗಂಟೆಗಳ ಉದ್ದವೂ ಎಡೆಬಿಡದ ಹಿನ್ನೆಲೆ ನಿರೂಪಣೆಯೂ ಎರಡನೆಯ ಚರ್ಚೆಗೆ ಕಾರಣವಾದವು. ಒಂದು ಉದ್ಯಮದ ಒಳಗನ್ನು ಪಾಠದಂತೆ ಬಿಡಿಸಿ ಹೇಳುವ ಮೊದಲ ಭಾಗವೇ ಚಿತ್ರದ ಹೆಗ್ಗಳಿಕೆಯೆಂದು ಕೆಲವರು ಭಾವಿಸಿದರೆ, ಮತ್ತೆ ಕೆಲವರಿಗೆ ಅದು ಕಥೆಯನ್ನು ತಡೆದು ನಿಲ್ಲಿಸುವ ಉಪನ್ಯಾಸವಾಗಿ ಕಂಡಿತು. ಮೂರನೆಯದು ಹಿಂಸೆ: ಕಬ್ಬಿಣದ ಹಿಡಿಕೆಯಲ್ಲಿ ಮನುಷ್ಯನ ತಲೆಯನ್ನು ಬಿಗಿಯುವ ದೃಶ್ಯ ಮತ್ತು ಜೋಳದ ಹೊಲದ ಕೊಲೆ ಅನೇಕರಿಗೆ ಸಹಿಸಲಸಾಧ್ಯವೆನಿಸಿದವು. ನಾಲ್ಕನೆಯದು ಜಿಂಜರ್ ಪಾತ್ರ. ಶರಾನ್ ಸ್ಟೋನ್ ಈ ಅಭಿನಯಕ್ಕಾಗಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದರು, ಆಸ್ಕರ್‌ಗೂ ನಾಮಕರಣಗೊಂಡರು. ಆದರೆ ಆ ಹೆಣ್ಣನ್ನು ಚಿತ್ರವು ಅರ್ಥಮಾಡಿಕೊಂಡಿದೆಯೇ ಅಥವಾ ಗಂಡಸರಿಬ್ಬರ ಪತನಕ್ಕೆ ಅವಳನ್ನು ಹೊಣೆಯಾಗಿಸಿದೆಯೇ ಎಂಬ ವಿವಾದ ಮುಗಿದಿಲ್ಲ.

ಕಾಲಕ್ರಮದಲ್ಲಿ ಮೊದಲನೆಯ ದೂರು ಮಂಕಾಗಿ, ಚಿತ್ರದ ಮನ್ನಣೆ ಹೆಚ್ಚಿತೆಂಬುದು ಗಮನಾರ್ಹ. ಆದರೂ ಈ ನಾಲ್ಕೂ ಬಗೆಯ ಅಭಿಪ್ರಾಯಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಮೆಚ್ಚಿದವರೂ ಮೆಚ್ಚದವರೂ ಇದನ್ನು ಮೂವರು ವ್ಯಕ್ತಿಗಳ ಏಳುಬೀಳಿನ ಕಥೆಯೆಂದೇ ಓದಿದ್ದಾರೆ. ಗೆಳೆತನ, ದ್ರೋಹ, ಅಹಂಕಾರ, ಸರ್ವನಾಶ ಎಂಬ ಸರಣಿಯೊಳಗೆ ಚರ್ಚೆ ಸುತ್ತುತ್ತದೆ. ಚರಿತ್ರೆಯ ದೃಷ್ಟಿಯಿಂದ ಚಿತ್ರದ ಕೇಂದ್ರವು ಬೇರೆಡೆಗಿದೆ ಎಂಬುದು ನಮ್ಮ ಅಭಿಪ್ರಾಯ. ಅದು ಹಣ ಎಣಿಸುವ ಕೋಣೆ.

ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಪ್ರಶ್ನೆಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ನಂಬಲು ಕಷ್ಟವೆಂದು ನೋಡುಗರು ಹೇಳುವ ಕೆಲವು ಸಂಗತಿಗಳು ನಿಜವಾಗಿ ನಡೆದವೇ ಆಗಿವೆ. 1982ರ ಅಕ್ಟೋಬರ್ 4ರಂದು ರೋಸೆಂತಾಲನ ಕಾರಿನಲ್ಲಿ ಬಾಂಬು ಸಿಡಿಯಿತು. ಚಾಲಕನ ಆಸನದ ಕೆಳಗಿದ್ದ ಉಕ್ಕಿನ ತಗಡಿನಿಂದಾಗಿ ಆತ ಬದುಕುಳಿದ. ಪರವಾನಗಿಯಿಲ್ಲದೆ ಜೂಜುಗೃಹ ನಡೆಸಿದ್ದು, ನೆವಾಡದ ನಿಯಂತ್ರಣ ಆಯೋಗದೊಡನೆ ಹೋರಾಡಿ ಸೋತದ್ದು, ದೂರದರ್ಶನದಲ್ಲಿ ತನ್ನದೇ ಕಾರ್ಯಕ್ರಮ ನಡೆಸಿದ್ದು ಇವೂ ದಾಖಲಾದ ಸಂಗತಿಗಳು. ಆತ ತೀರಿಕೊಂಡದ್ದು 2008ರಲ್ಲಿ. ಸ್ಪಿಲೋಟ್ರೊನ ವಕೀಲರಾಗಿದ್ದ ಆಸ್ಕರ್ ಗುಡ್‌ಮನ್ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದರು. ಮುಂದೆ 1999ರಿಂದ 2011ರವರೆಗೆ ಅದೇ ನಗರದ ಮೇಯರ್ ಆದರು. ಇನ್ನು ನೋಡುಗರು ನಿಜವೆಂದು ನಂಬಿರುವ ಜೋಳದ ಹೊಲದ ಕೊಲೆಯನ್ನು ಮಾತ್ರ ಈಗ ತಿದ್ದಿಕೊಳ್ಳಬೇಕಾಗಿದೆ. ಸ್ಪಿಲೋಟ್ರೊ ಮತ್ತು ಅವನ ತಮ್ಮನ ಶವಗಳು 1986ರ ಜೂನ್‌ನಲ್ಲಿ ಇಂಡಿಯಾನದ ಹೊಲವೊಂದರಲ್ಲಿ ದೊರೆತದ್ದು ನಿಜ. ಆದರೆ ಕೊಲೆ ನಡೆದದ್ದು ಷಿಕಾಗೊ ಸಮೀಪದ ಮನೆಯೊಂದರ ನೆಲಮಾಳಿಗೆಯಲ್ಲೆಂದು 2007ರ ವಿಚಾರಣೆಯಲ್ಲಿ ಭಾಗಿಯೊಬ್ಬನ ಸಾಕ್ಷ್ಯದಿಂದ ತಿಳಿದುಬಂದಿತು. ಚಿತ್ರ ತಯಾರಾದಾಗ ಈ ಸಾಕ್ಷ್ಯ ಲಭ್ಯವಿರಲಿಲ್ಲ.

ಇನ್ನು ಎಣಿಕೆಯ ಕೋಣೆಗೆ ಬರೋಣ. ಜೂಜುಗೃಹದ ದಿನದ ಆದಾಯವನ್ನು ಲೆಕ್ಕಕ್ಕೆ ಬರೆಯುವ ಮೊದಲೇ ಅದರ ಒಂದು ಭಾಗವನ್ನು ಎತ್ತಿಕೊಳ್ಳುವುದನ್ನು ಅಲ್ಲಿಯವರು ‘ಸ್ಕಿಮ್’ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ‘ಕೆನೆ ತೆಗೆಯುವುದು’ ಎಂಬ ಮಾತು ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಲೆಕ್ಕಕ್ಕೆ ಬಾರದ ಹಣಕ್ಕೆ ತೆರಿಗೆಯಿಲ್ಲ, ಒಡೆಯನಿಲ್ಲ. ಸ್ಟಾರ್‌ಡಸ್ಟ್‌ನಲ್ಲಿ ನಾಣ್ಯಗಳನ್ನು ಎಣಿಸುವ ಬದಲು ತೂಗುತ್ತಿದ್ದರು. ತಕ್ಕಡಿಯನ್ನೇ ಕಡಿಮೆ ತೋರಿಸುವಂತೆ ತಿರುಚಲಾಗಿತ್ತು. 1976ರಲ್ಲಿ ರಾಜ್ಯದ ಅಧಿಕಾರಿಗಳು ದಾಳಿ ನಡೆಸಿದಾಗ ಇದು ಬಯಲಾಯಿತು. ಹೀಗೆ ಕಳೆದುಹೋದ ಮೊತ್ತವನ್ನು ಸುಮಾರು 70 ಲಕ್ಷ ಡಾಲರ್ ಎಂದು ಅಂದಾಜು ಮಾಡಲಾಯಿತು. ಆಟಗಾರನನ್ನು ನೌಕರನೂ, ನೌಕರನನ್ನು ಮೇಲ್ವಿಚಾರಕನೂ, ಅವನನ್ನು ಅವನ ಮೇಲಿನವನೂ, ಎಲ್ಲರನ್ನೂ ಛಾವಣಿಯ ಕಣ್ಣೂ ಕಾಯುವ ವ್ಯವಸ್ಥೆಯನ್ನು ಚಿತ್ರವು ವಿಸ್ತಾರವಾಗಿ ತೋರಿಸುತ್ತದೆ. ನೋಡುಗರು ಬಹುವಾಗಿ ಮೆಚ್ಚಿ ನೆನೆಯುವ ಭಾಗಗಳಲ್ಲಿ ಅದೂ ಒಂದು. ಆದರೆ ಅಷ್ಟೆಲ್ಲ ಕಾವಲಿನ ನಡುವೆ ಎಣಿಕೆಯ ಕೋಣೆಯಿಂದ ಚೀಲ ತುಂಬಿಕೊಂಡು ಹೊರಟವನನ್ನು ಯಾರೂ ತಡೆಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಅಪರೂಪ.

ಕೆನೆ ತೆಗೆದದ್ದು ಸರಿ, ಹಾಲು ಯಾರದು? ಸ್ಟಾರ್‌ಡಸ್ಟ್ ಮತ್ತು ಫ್ರೀಮಾಂಟ್ ಜೂಜುಗೃಹಗಳನ್ನು 1974ರಲ್ಲಿ ಕೊಂಡವರು ಅಲೆನ್ ಗ್ಲಿಕ್ ಎಂಬ ಯುವ ಉದ್ಯಮಿ. ಅವರ ಸಂಸ್ಥೆಯ ಹೆಸರು ಆರ್ಜೆಂಟ್ ಕಾರ್ಪೊರೇಷನ್. ಕೊಳ್ಳಲು ಬೇಕಾದ 6 ಕೋಟಿ 27 ಲಕ್ಷ 50 ಸಾವಿರ ಡಾಲರ್ ಸಾಲವು ‘ಟೀಮ್‌ಸ್ಟರ್ಸ್’ ಎಂಬ ಲಾರಿ ಚಾಲಕರ ಸಂಘದ ಮಧ್ಯರಾಜ್ಯಗಳ ಪಿಂಚಣಿ ನಿಧಿಯಿಂದ ಬಂದಿತು. ಹಗಲಿರುಳು ಹೆದ್ದಾರಿಗಳಲ್ಲಿ ಸರಕು ಸಾಗಿಸಿದ ಚಾಲಕರ, ಗೋದಾಮುಗಳಲ್ಲಿ ಹೊರೆ ಹೊತ್ತ ಕೂಲಿಗಳ ಮುಪ್ಪಿನ ಕಾಲದ ಬುತ್ತಿಯದು. ಅದನ್ನು ಜೂಜುಗೃಹಕ್ಕೆ ತಿರುಗಿಸಿದವರು ಕಾನ್ಸಾಸ್ ಸಿಟಿ, ಷಿಕಾಗೊ, ಮಿಲ್ವಾಕಿ ಮತ್ತು ಕ್ಲೀವ್‌ಲ್ಯಾಂಡ್ ನಗರಗಳ ಅಪರಾಧಕೂಟಗಳ ಮುಖಂಡರು. ಸಂಘದ ಅಧ್ಯಕ್ಷನಾಗಿದ್ದ ರಾಯ್ ವಿಲಿಯಮ್ಸ್, ಕಾನ್ಸಾಸ್ ಸಿಟಿಯ ಮುಖಂಡನಿಂದ ತನಗೆ ತಿಂಗಳಿಗೆ 1,500 ಡಾಲರ್ ಸಲ್ಲುತ್ತಿತ್ತೆಂದು ಮುಂದೆ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಷಿಕಾಗೊ ಮತ್ತು ಕ್ಲೀವ್‌ಲ್ಯಾಂಡಿನ ಪ್ರಮುಖರಿಗೆ 1986ರ ಜನವರಿಯಲ್ಲಿ ಶಿಕ್ಷೆ ಖಚಿತವಾಯಿತು.

ಈ ವಿವರಗಳಲ್ಲಿ ಬಹುಭಾಗ ಚಿತ್ರದಲ್ಲಿಯೇ ಇದೆ. ಪಿಂಚಣಿ ನಿಧಿಯ ಚೆಕ್ಕನ್ನು ನಾವು ಕಣ್ಣಾರೆ ಕಾಣುತ್ತೇವೆ, ಮೊತ್ತವನ್ನು ಕೇಳುತ್ತೇವೆ. ಆದಾಗ್ಯೂ ಇದನ್ನು ಕುರಿತ ಚರ್ಚೆ ನೋಡುಗರಲ್ಲಿ ವಿರಳ. ಇದಕ್ಕೆ ನೋಡುಗರನ್ನಷ್ಟೇ ದೂರುವುದು ನ್ಯಾಯವಾಗದು. ಚಿತ್ರದಲ್ಲಿ ನಿರೂಪಿಸುವವರು ಹಣ ಕದ್ದವರು. ಹಣ ಕಳೆದುಕೊಂಡವನಿಗೆ ಒಂದು ಮುಖವೂ ಇಲ್ಲ, ಮಾತೂ ಇಲ್ಲ. ಲಾರಿ ಚಾಲಕನೊಬ್ಬನ ಮನೆ ಮೂರು ಗಂಟೆಗಳಲ್ಲಿ ಒಮ್ಮೆಯೂ ಕಾಣಿಸದು. ಯಾರ ದನಿಯಲ್ಲಿ ಕಥೆ ಕೇಳುತ್ತೇವೆಯೋ ಅವರ ನಷ್ಟವೇ ನಮಗೆ ನಷ್ಟವಾಗಿ ತೋರುವುದು ಸಹಜ.

ಇದರ ಪರಿಣಾಮ ಚಿತ್ರದ ಮುಕ್ತಾಯದಲ್ಲಿ ಸ್ಪಷ್ಟವಾಗುತ್ತದೆ. ಹಳೆಯ ಕಟ್ಟಡಗಳು ಕುಸಿಯುತ್ತವೆ. ದೊಡ್ಡ ಕಂಪೆನಿಗಳ ಹೊಸ ಹೋಟೆಲುಗಳು ಎದ್ದು ನಿಲ್ಲುತ್ತವೆ. ಹಿಂದೆ ಅತಿಥಿಯ ಹೆಸರು, ಅವನು ಕುಡಿಯುವ ಮದ್ಯ, ಅವನ ಆಟ ಎಲ್ಲವೂ ನೌಕರರಿಗೆ ಗೊತ್ತಿತ್ತು, ಈಗ ಎಲ್ಲವೂ ವಿಮಾನ ನಿಲ್ದಾಣದಂತಾಗಿದೆ ಎಂದು ನಾಯಕ ಹಲುಬುತ್ತಾನೆ. ಅಪರಾಧಕೂಟಗಳ ಕಾಲವೇ ಮೇಲಾಗಿತ್ತೆಂಬ ಮಾತನ್ನು ಅನೇಕ ನೋಡುಗರು ಅಲ್ಲಿಂದಲೇ ಕಲಿತಂತಿದೆ. ಆ ಕಾಲ ಯಾರಿಗೆ ಮೇಲಾಗಿತ್ತು? 1960ರ ಮಾರ್ಚಿಯಲ್ಲಿ ಒಪ್ಪಂದವಾಗುವವರೆಗೆ ಆ ನಗರದ ಪ್ರಮುಖ ಬೀದಿಯ ಹೋಟೆಲುಗಳಲ್ಲಿ ಕರಿಯ ಜನರಿಗೆ ಅತಿಥಿಗಳಾಗಿ ಪ್ರವೇಶವಿರಲಿಲ್ಲ. ವೇದಿಕೆಯ ಮೇಲೆ ಹಾಡಿದ ಗಾಯಕರೂ ಮಲಗಲು ಊರಾಚೆಯ ಕೇರಿಗೆ ಹೋಗಬೇಕಾಗಿತ್ತು. ಹೊಸ ಕಂಪೆನಿಗಳ ಬಂಡವಾಳವೂ ಶುದ್ಧವಾದುದೆಂದು ನಾವು ವಾದಿಸುತ್ತಿಲ್ಲ. ಅಪಾಯದ ಸಾಲಪತ್ರಗಳಿಂದ ಆ ಅರಮನೆಗಳು ಎದ್ದವೆಂದು ಚಿತ್ರವೇ ಚುಚ್ಚುತ್ತದೆ. ಆದರೆ ಹೊಸದು ಕೆಟ್ಟದ್ದೆಂಬ ಮಾತ್ರಕ್ಕೆ ಹಳೆಯದು ಒಳ್ಳೆಯದಾಗುವುದಿಲ್ಲ. ಸ್ಟಾರ್‌ಡಸ್ಟ್ ಕಟ್ಟಡವನ್ನು 2007ರಲ್ಲಿ ಕೆಡವಲಾಯಿತು. 2012ರಲ್ಲಿ ಅದೇ ನಗರದಲ್ಲಿ ಅಪರಾಧಕೂಟಗಳ ವಸ್ತುಸಂಗ್ರಹಾಲಯ ತೆರೆಯಿತು. ಲಾರಿ ಚಾಲಕರ ನಿಧಿಯು ಬೇರೆ ಆರ್ಥಿಕ ಕಾರಣಗಳಿಂದ ಮುಂದೆ ದಿವಾಳಿಯ ಅಂಚಿಗೆ ಬಂದು, 2022ರ ಡಿಸೆಂಬರಿನಲ್ಲಿ ಸುಮಾರು 3,600 ಕೋಟಿ ಡಾಲರ್ ಸರಕಾರಿ ನೆರವಿನಿಂದ ಉಳಿಯಿತು. ಸುಮಾರು ಮೂರೂವರೆ ಲಕ್ಷ ಮಂದಿಯ ಬದುಕು ಅದನ್ನು ಅವಲಂಬಿಸಿತ್ತು. ಕದ್ದವರ ನೆನಪಿಗೆ ವಸ್ತುಸಂಗ್ರಹಾಲಯವಿದೆ. ದುಡಿದವರ ಕಥೆ ಹಣಕಾಸಿನ ವರದಿಗಳಲ್ಲಿ ಉಳಿದಿದೆ.

ಪಣಕ್ಕಿಟ್ಟ ವಸ್ತುವಿನ ಒಡೆಯರು ಯಾರು ಎಂಬ ಈ ಪ್ರಶ್ನೆ ಭಾರತೀಯರಿಗೆ, ವಿಶೇಷವಾಗಿ ಕನ್ನಡದ ಓದುಗರಿಗೆ, ಹೊಸದಲ್ಲ. ಪಂಪ, ಕುಮಾರವ್ಯಾಸರಿಬ್ಬರೂ ಚಿತ್ರಿಸಿದ ದ್ಯೂತಪ್ರಸಂಗದಲ್ಲಿ ಸಭೆಯ ಕಣ್ಣು ದಾಳಗಳ ಮೇಲಿತ್ತು. ಭಾರತಕಥೆಯ ದ್ರೌಪದಿ ಎತ್ತಿದ ಪ್ರಶ್ನೆಯೇ ಬೇರೆ: ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರ ಎಲ್ಲಿಯದು? ಆಟದ ನ್ಯಾಯಕ್ಕಿಂತ ಪಣದ ನ್ಯಾಯ ದೊಡ್ಡದೆಂಬುದನ್ನು ಆ ಪ್ರಶ್ನೆ ತೋರಿಸಿಕೊಟ್ಟಿತು.

ಸ್ವತಂತ್ರ ಭಾರತದ ನ್ಯಾಯಾಲಯವು ಈ ಪ್ರಶ್ನೆಯನ್ನು ಎದುರಿಸಿದ ಪ್ರಕರಣದ ಒಂದು ಎಳೆ ಬೆಂಗಳೂರಿನಲ್ಲಿದೆ. ಅಲ್ಲಿ ಮುದ್ರಣಗೊಂಡು ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ಆರ್. ಎಂ. ಡಿ. ಚಮಾರ್‌ಬಾಗ್‌ವಾಲಾ ಅವರು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿದ್ದರು; ಅದಕ್ಕೆ ಮುಂಬಯಿ ರಾಜ್ಯದಲ್ಲಿ ವ್ಯಾಪಕ ಪ್ರಸಾರವಿತ್ತು. ಮುಂಬಯಿ ಸರಕಾರ ತೆರಿಗೆ ವಿಧಿಸಿದಾಗ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1957ರ ತೀರ್ಪಿನಲ್ಲಿ ನ್ಯಾಯಾಲಯವು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ನೆನೆದು, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಹೇಳಿತು. ಸಾಮಾನ್ಯ ಮನುಷ್ಯನ ಬೆವರಿನ ಗಳಿಕೆ ಹಾಳಾಗಿ, ಅವನು ಸಾಲದಲ್ಲಿ ಮುಳುಗಿ, ಮನೆಯ ನೆಮ್ಮದಿ ಕೆಡುವುದೆಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು.

ಅದೇ ಮುಂಬಯಿಯಲ್ಲಿ 1960ರ ದಶಕದಿಂದ ಬೆಳೆದ ಮಟ್ಕಾ ದಂಧೆಯು ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಬೇರುಬಿಟ್ಟಿತ್ತು. ದಂಧೆಯ ‘ದೊರೆ’ಗಳ ಬಗೆಗೆ ಕಥೆಗಳಿವೆ, 1975ರ ‘ಧರ್ಮಾತ್ಮ’ ಹಿಂದಿ ಚಿತ್ರದ ಒಂದು ಪಾತ್ರಕ್ಕೆ ಅಂಥವರೊಬ್ಬರು ಮಾದರಿಯೆಂಬ ಮಾತು ಪ್ರಚಲಿತವಾಗಿದೆ. ಆದರೆ ಸಂಬಳದ ದಿನ ಅಂಕಿಗೆ ಹಣ ಕಟ್ಟಿ ಬರಿಗೈಯಲ್ಲಿ ಮನೆಗೆ ಹೋದವನ ಕಥೆ ಎಲ್ಲಿದೆ? ಆ ನಗರದಲ್ಲಿ ಹೋಟೆಲುಗಳಲ್ಲೂ ಗಿರಣಿಗಳಲ್ಲೂ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕನ್ನಡಿಗರ ಸ್ಮೃತಿಗಳಲ್ಲಿ ಈ ಅಂಕಿಗಳ ನೆನಪು ಇದೆಯೇ, ಇದ್ದರೆ ಯಾವ ರೂಪದಲ್ಲಿದೆ ಎಂಬುದನ್ನು ಹೊರನಾಡಿನ ಸಂಶೋಧಕರು ಮೌಖಿಕ ಚರಿತ್ರೆಯ ವಿಧಾನದಿಂದ ಅರಸಬಹುದಾಗಿದೆ. ಆ ತಲೆಮಾರಿನವರು ಕಡಮೆಯಾಗುತ್ತಿರುವುದರಿಂದ ಈ ಕಾರ್ಯಕ್ಕೆ ವಿಳಂಬ ಸಲ್ಲದು.

ಒಟ್ಟಿನಲ್ಲಿ, ‘ಕ್ಯಾಸಿನೊ’ ಕುರಿತ ನೋಡುಗರ ಅಭಿಪ್ರಾಯಗಳು ಚಿತ್ರದ ಗುಣದೋಷಗಳನ್ನು ತಿಳಿಸುವುದರ ಜೊತೆಗೆ, ಸಮಾಜವೊಂದು ತನ್ನ ಅಪರಾಧಗಳನ್ನು ಹೇಗೆ ನೆನಪಿಡುತ್ತದೆ ಎಂಬುದನ್ನೂ ತಿಳಿಸುತ್ತವೆ. ಪಾತ್ರಗಳು ನೆನಪಿನಲ್ಲಿ ನಿಲ್ಲುತ್ತವೆ, ಲೆಕ್ಕ ಅಳಿಸಿಹೋಗುತ್ತದೆ. ಆ ಲೆಕ್ಕವನ್ನು ಮತ್ತೆ ಬರೆದಿಡುವುದು ಚರಿತ್ರೆಯನ್ನು ಅಭ್ಯಸಿಸುವವರ ಹೊಣೆಯೆಂದು ನಾವು ಭಾವಿಸುತ್ತೇವೆ.