ಏಳು ಸರಪಳಿ ಹನ್ನೆರಡು ಆಣೆ

ಚೊಳಚಗುಡ್ಡದ ಬನಶಂಕರಿ ಹೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ತಾನಿದ್ದ ಜಾಗ ಬಿಟ್ಟು ನೂರು ಮೀಟರಿಗೂ ಹೆಚ್ಚು ಆಚೆ ಸರಿದು ಕೂತಿತ್ತು. ಮುಂಬೈ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ನಡೆದ ಕಂದಾಯ ಮೋಜಣಿಯ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಹಳೆಯ ನಕಾಶೆಗಳನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಕ್ಯೂಜಿಐಎಸ್ ಕಲಿಯುತ್ತಿದ್ದೆ. ಇಂಚಿಗೆ ಒಂದು ಮೈಲಿಯ ಹಳೆಯ ಹಾಳೆಯೊಂದರ ಅಂಚಿನಲ್ಲಿದ್ದ ಅಕ್ಷಾಂಶ, ರೇಖಾಂಶಗಳನ್ನು ಒಂದೂ ಬಿಡದೆ ತುಂಬಿದ್ದೆ. ಊರು ಅಮ್ಮನ ತವರು. ಬನದ ಹುಣ್ಣಿಮೆಯ ಜಾತ್ರೆಗೆ ವರ್ಷ ತಪ್ಪದೆ ಹೋದವಳಿಗೆ ಹೊಂಡ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ತಪ್ಪು ಎಲ್ಲಾಯಿತು ಎಂದು ತಿಳಿದವರನ್ನು ಕೇಳಿದೆ. ಜೊತೆಗೇ, ಈ ಕೆಲಸಕ್ಕೆ ನಿಜವಾಗಿ ಏನು ಕಲಿತಿರಬೇಕು ಎಂದೂ ಕೇಳಿದೆ. ಬೆಂಗಳೂರಿನ ಕಂಪನಿಯಲ್ಲಿರುವ ಗೆಳತಿ, "ಪೈಥಾನ್ ಕಲಿ, ಡೇಟಾಬೇಸ್ ಕಲಿ, ಉಳಿದದ್ದು ತಾನೇ ಬರುತ್ತೆ" ಅಂದಳು. ದೂರಸಂವೇದಿ ಪಾಠ ಮಾಡುವ ಮೇಷ್ಟ್ರೊಬ್ಬರು ನಕ್ಕು, "ಹಾಳೆಯ ಡೇಟಮ್ ಯಾವುದು ಅಂತ ನೋಡಿದೆಯಾ?" ಎಂದರು. ನೋಡಿರಲಿಲ್ಲ. ಮೆನುವಿನಲ್ಲಿ ಬಂದದ್ದನ್ನು ಒತ್ತಿದ್ದೆ.

ಡೇಟಮ್ ಎಂದರೆ ಭೂಮಿಯ ಆಕಾರ, ಗಾತ್ರಗಳನ್ನು ಹೀಗೆಂದು ಒಪ್ಪಿಕೊಂಡು, ಎಲ್ಲಿಂದ ಅಳೆಯಬೇಕು ಎಂದು ಗೊತ್ತುಮಾಡಿಕೊಳ್ಳುವುದು. ನಮ್ಮ ಫೋನಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಆ ಹಳೆಯ ಹಾಳೆ ನಿಂತಿರುವುದು ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕದ ಮೇಲೆ. ಅದರ ಬೇರು ನಮ್ಮ ನೆಲದಲ್ಲೇ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಮತ್ತೊಂದು ರೇಖೆ ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಹೋದ. ಅರ್ಧ ಟನ್ ತೂಕದ ಅವನ ಥಿಯೋಡೊಲೈಟ್ 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಬಡಿದು ನಜ್ಜುಗುಜ್ಜಾಯಿತು. ಅವನು ಡೇರೆಯೊಳಗೆ ಕೂತು ವಾರಗಟ್ಟಲೆ ಅದನ್ನು ತಿದ್ದಿದ. ಉಪಕರಣ ಕೆಟ್ಟರೆ ರಿಪೇರಿ ಮಾಡುವುದೂ ಅಂದಿನ ಮೋಜಣಿದಾರನ ಕೌಶಲವೇ. ಇಂದಿನ ಉದ್ಯೋಗ ಜಾಹೀರಾತುಗಳಲ್ಲಿ ಅದಕ್ಕೆ ಜಾಗವಿಲ್ಲ. ಮೆನುವಿನಲ್ಲಿ ಎವರೆಸ್ಟನ ಹೆಸರು ಹುಡುಕಿ ಒತ್ತಿದ್ದೇ ಹೊಂಡ ತನ್ನ ಜಾಗಕ್ಕೆ ಬಂತು. ಹಾಳೆಯ ಮೇಲೆ ಮೂರು ಮಿಲಿಮೀಟರೂ ಇಲ್ಲದ ವ್ಯತ್ಯಾಸ ಅದು!

ಇಷ್ಟು ಗೊತ್ತಾದ ಮೇಲೆ ನನಗೆ ಸ್ವಲ್ಪ ಜಂಬ ಬಂತು ಎಂದೇ ಹೇಳಬೇಕು. ಅದೇ ಹೊತ್ತಿಗೆ ಊರಲ್ಲಿ ಸೋದರಮಾವ, ತಮ್ಮ ಹೊಲದ ಟಿಪ್ಪಣಿಯ ನಕಲು ಕೊಟ್ಟು, "ನಿನ್ನ ಕಂಪ್ಯೂಟರ್‌ನ್ಯಾಗ ತೆಗದು ತೋರಸವಾ" ಅಂದರು. ಪಕ್ಕದ ಹೊಲದವರು ದಾಯಾದಿಗಳು. ಬದುವಿನ ಬಗ್ಗೆ ಎರಡೂ ಮನೆಗಳ ನಡುವೆ ಮೊದಲೇ ಗುಸುಗುಸು ಇತ್ತು. ಟಿಪ್ಪಣಿಯಲ್ಲಿ ಒಂದು ಬದಿಗೆ 7-12 ಎಂದು ಬರೆದಿತ್ತು. ನಾನು ಅದನ್ನು 7.12 ಸರಪಳಿ ಎಂದು ಓದಿ, 33 ಅಡಿಯಿಂದ ಗುಣಿಸಿ, 235 ಅಡಿ ಎಂದು ಗೆರೆ ಎಳೆದೆ. ಬಣ್ಣದ ಪ್ರಿಂಟು ತೆಗೆದುಕೊಟ್ಟೆ. ಅದು ಸಂಜೆಯೊಳಗೆ ಪಕ್ಕದ ಮನೆಗೂ ತಲುಪಿತು.

ನಾನು ಮೂರನೆಯವರಾಗಿ ಕೇಳಿದ್ದು ಬಾದಾಮಿಯಲ್ಲಿರುವ ನಿವೃತ್ತ ಭೂಮಾಪಕರೊಬ್ಬರನ್ನು. ಪ್ರಿಂಟನ್ನು ಪಕ್ಕಕ್ಕಿಟ್ಟು ಟಿಪ್ಪಣಿ ಕೈಗೆ ತಗೊಂಡರು.

"ಇದು ಪಾಯಿಂಟ್ ಅಲ್ಲವ್ವಾ, ಆಣೆ. ಹದಿನಾರು ಆಣೆಗೆ ಒಂದು ಸರಪಳಿ."

ಹನ್ನೆರಡು ಆಣೆ ಎಂದರೆ ಮುಕ್ಕಾಲು ಸರಪಳಿ. ಏಳೂಮುಕ್ಕಾಲು ಸರಪಳಿಗೆ 255 ಅಡಿ 9 ಇಂಚು. ಒಂದು ಚುಕ್ಕಿಯಿಂದ ಮಾವನ ಹೊಲದ ಇಪ್ಪತ್ತೊಂದು ಅಡಿ ದಾಯಾದಿಗಳ ಕಡೆಗೆ ಹೋಗಿತ್ತು.

ನಾಚಿಕೆಯಾಯಿತು. ಈ ಸರಪಳಿಯ ಮೇಲೆಯೇ ನನ್ನ ಅಧ್ಯಾಯವೊಂದಿದೆ! ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಇಂದಾಪುರದಲ್ಲಿ ಶುರುಮಾಡಿ, 1847ರ ಜಂಟಿ ವರದಿಯಲ್ಲಿ ನಿಯಮಗಳಾಗಿ ಬರೆದಿಟ್ಟ ಪದ್ಧತಿ ಅದು. ಸರಪಳಿಯ ಒಂದು ಚದರ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಆಣೆ ಉದ್ದಕ್ಕಷ್ಟೇ ಅಲ್ಲ, ಮಣ್ಣಿನ ಬೆಲೆಗೂ ಬಳಕೆಯಾಗುತ್ತಿತ್ತು. ಮೊದಲ ದರ್ಜೆಯ ನೆಲ ಹದಿನಾರಾಣೆ, ಅದೂ ಸೇರಿ ಒಟ್ಟು ಒಂಬತ್ತು ದರ್ಜೆ. ದರ್ಜೆ ಕಟ್ಟುವವನು ನೆಲ ಅಗೆದು ಮಣ್ಣಿನ ಆಳ ನೋಡಬೇಕು. ಮರಳು ಬೆರೆತಿದೆಯೇ, ಇಳಿಜಾರಿದೆಯೇ, ನೀರು ನಿಲ್ಲುತ್ತದೆಯೇ ಎಂದು ಗುರುತು ಹಾಕಬೇಕು. ಮೇಲಧಿಕಾರಿ ಕೆಲವು ಹೊಲಗಳನ್ನು ಮತ್ತೆ ಪರೀಕ್ಷಿಸಿ ತಾಳೆ ನೋಡಬೇಕು. ಸರಪಳಿ ಹಿಡಿಯುವುದಕ್ಕಿಂತ ಎರೆ, ಮಸಾರಿ, ಮಡ್ಡಿ ಎಂದು ಮಣ್ಣು ಗುರುತಿಸುವುದೇ ಕಷ್ಟದ ವಿದ್ಯೆ ಎಂದು ನನಗನ್ನಿಸುತ್ತದೆ. ಅದನ್ನು ಬಲ್ಲವರು ಊರಿನವರೇ. ವರದಿಗಳ ಮೇಲಿರುವ ಹೆಸರುಗಳು ಮಾತ್ರ ಸಾಹೇಬರವು.

ಇದು ಇಲ್ಲಿಯ ಕಥೆ ಮಾತ್ರವಲ್ಲ. ತ್ರಿಕೋನ ಮೋಜಣಿಯ ಗಣಿತಜ್ಞ ರಾಧಾನಾಥ ಸಿಕ್ದಾರ್ 1851ರ ಸರ್ವೇ ಕೈಪಿಡಿಯ ಲೆಕ್ಕದ ಭಾಗಕ್ಕೆ ದುಡಿದಿದ್ದರು. ಅವರು ತೀರಿಕೊಂಡ ಮೇಲೆ, 1875ರಲ್ಲಿ ಬಂದ ಮೂರನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರ ಹೆಸರೇ ಇರಲಿಲ್ಲ.

ಈಗ ಸ್ವಾಮಿತ್ವ ಯೋಜನೆಯ ಡ್ರೋನುಗಳು ಹಳ್ಳಿಗಳ ಮೇಲೆ ಹಾರುತ್ತಿವೆ. 2022ರ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿಯೂ ತರಬೇತಿಯ ಮಾತಾಡುತ್ತದೆ. ಗೆಳತಿ ಹೇಳಿದ್ದು ಸುಳ್ಳಲ್ಲ. ಸಾವಿರಾರು ಹಾಳೆಗಳನ್ನು ಕೈಯಿಂದ ಕೂರಿಸಲು ಆಗದು, ಪೈಥಾನ್ ಬೇಕು. ಆದರೆ ಪೈಥಾನ್ ನನ್ನ 7.12 ಅನ್ನು ಇನ್ನೂ ವೇಗವಾಗಿ ಗುಣಿಸುತ್ತಿತ್ತು, ಅಷ್ಟೇ. ಡೇಟಮ್ ಕೇಳಿದ ಮೇಷ್ಟ್ರಿಗೂ ಆಣೆ ಗೊತ್ತಿರಲಿಲ್ಲ. ಆಣೆ ಬಲ್ಲ ಹಿರಿಯರಿಗೆ ಲ್ಯಾಪ್‌ಟಾಪ್ ತೆರೆಯಲು ಬರುವುದಿಲ್ಲ. ಮೋಡಿ ಲಿಪಿ ಓದಬಲ್ಲವರನ್ನು ಹುಡುಕುವುದಂತೂ ಬೇರೆಯೇ ಪಾಡು.

ಮರುದಿನ ಹೊಸ ಪ್ರಿಂಟು ಹಿಡಿದು ಎರಡೂ ಮನೆಗೆ ಹೋದೆ. ಮಾವ ಏನೂ ಅನ್ನಲಿಲ್ಲ. ದಾಯಾದಿ ಕಾಕಾ ಮಾತ್ರ, "ನಿನ್ನೆ ಒಂದು, ಇವತ್ತೊಂದು. ಯಾವುದು ಖರೇ?" ಎಂದರು. ಭೂಮಾಪಕರು ಬರುವ ಸೋಮವಾರ ಹೊಲಕ್ಕೇ ಬರುತ್ತೇನೆ ಅಂದಿದ್ದಾರೆ. ಬಾಂದುಕಲ್ಲು ಹುಡುಕಲು ಕುಡುಗೋಲು, ಸಲಿಕೆ ತರಲು ನನಗೇ ಹೇಳಿದ್ದಾರೆ.