ಟಂಕಸಾಲೆಯಿದ್ದ ಊರು

ಗದಗಿನಿಂದ ಹೊಸಪೇಟೆ ಕಡೆ ಹೊರಟ ಬಸ್ಸು ಹತ್ತು ಹನ್ನೆರಡು ಕಿಲೋಮೀಟರ್ ಸಾಗುವಷ್ಟರಲ್ಲಿ ಲಕ್ಕುಂಡಿ ಬರುತ್ತದೆ. ಹಂಪಿಯ ಅವಸರದಲ್ಲಿರುವವರು ಇಳಿಯುವುದಿಲ್ಲ. ಸುತ್ತ ಎರೆ ಹೊಲ, ನಡುವೆ ಒಂದು ಗ್ರಾಮ ಪಂಚಾಯ್ತಿಯ ಊರು. ಇಲ್ಲಿ ಚಿನ್ನದ ನಾಣ್ಯ ಅಚ್ಚಾಗುತ್ತಿತ್ತು ಎಂದರೆ ಯಾರೂ ತಟ್ಟನೆ ನಂಬಲಾರರು.

ಶಾಸನಗಳಲ್ಲಿ ಇದು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಇಲ್ಲಿನ ಟಂಕಸಾಲೆಯ ಹೊನ್ನಿಗೆ ಲೊಕ್ಕಿಗದ್ಯಾಣವೆಂದೇ ಹೆಸರಿತ್ತು. ಊರು ಕಾಣದವರೂ ದತ್ತಿ ಬಿಡುವಾಗ ಅದರ ಹೆಸರು ಹೇಳಿಯೇ ಲೆಕ್ಕ ಹಾಕುತ್ತಿದ್ದರು.

ಆ ಊರಿನಲ್ಲಿ ಹಣ ಖರ್ಚು ಮಾಡುವುದನ್ನು ಅತ್ತಿಮಬ್ಬೆಯಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು, ಇಂದಿಗೂ ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಈ ಸಂಖ್ಯೆ ದಾಟುವುದಿಲ್ಲ! ರನ್ನ 993ರಲ್ಲಿ ಮುಗಿಸಿದ ‘ಅಜಿತಪುರಾಣ’ಕ್ಕೂ ಅವಳದೇ ಆಸರೆ. 1007ರಲ್ಲಿ ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ.

ಆ ಬಸದಿಯ ಕಲ್ಲನ್ನು ಹತ್ತಿರದಿಂದ ನೋಡಬೇಕು. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳದು ಮರಳುಗಲ್ಲಿನ ಕೆಲಸ. ಚಾಲುಕ್ಯ ನಾಡಿನಲ್ಲಿ ಉಳಿಗೆ ನಯವಾಗಿ ಬಗ್ಗುವ ಬಳಪದ ಕಲ್ಲಿಗೆ ಹೊರಳಿದ ಮೊದಮೊದಲ ಗುಡಿಗಳಲ್ಲಿ ಇದೂ ಒಂದು. ಅದೇ ಕೈಚಳಕ ಮುಂದೆ ಇದೇ ಊರಿನ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಬೆರಳಗಲದ ಪಟ್ಟಿಯನ್ನೂ ಖಾಲಿ ಬಿಡಲಿಲ್ಲ. ಇಷ್ಟು ಕುಸುರಿ ಅತಿಯಾಯಿತೇನೋ ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ಸಿರಿಯಿದ್ದಲ್ಲಿಗೆ ದಂಡೂ ಬಂತು. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಸೊರಟೂರಿನ ಕಾಳಗದಲ್ಲಿ ಸೇವುಣ ಭಿಲ್ಲಮನನ್ನು ಸೋಲಿಸಿ, ಲೊಕ್ಕಿಗುಂಡಿಯ ಕೋಟೆ ಹಿಡಿದು, 1192ರ ಹೊತ್ತಿಗೆ ಇಲ್ಲೇ ಬೀಡುಬಿಟ್ಟಿದ್ದ. ಕೆಲವೇ ದಶಕಗಳಲ್ಲಿ ಈ ಸೀಮೆ ಮತ್ತೆ ಸೇವುಣರ ಪಾಲಾಯಿತು. ಅಧಿಕಾರದ ಕೇಂದ್ರಗಳು ಬೇರೆಡೆಗೆ ಸರಿದಂತೆ ಟಂಕಸಾಲೆಯ ಊರು ಹಳ್ಳಿಯಾಯಿತು.

ಹಾಗೆಂದು ಊರು ಹಾಳುಬೀಳಲಿಲ್ಲ. ಜನ ಹಳೆಯದನ್ನೇ ಬಳಸಿಕೊಂಡು ಬದುಕಿದರು. ಗುಡಿಗೆ ಆತು ಮನೆಗಳೆದ್ದವು, ಕೆತ್ತನೆಯ ಕಲ್ಲುಗಳು ಗೋಡೆ ಸೇರಿದವು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಇಂದಿಗೂ ಇದೆ. ಮಾಣಿಕೇಶ್ವರ ಗುಡಿಯೆದುರಿನ ಮುಸುಕಿನ ಬಾವಿಯಲ್ಲಿ ಮೆಟ್ಟಿಲ ಬದಿಗಳಲ್ಲೂ ಪುಟ್ಟ ಪುಟ್ಟ ಗುಡಿಗಳಿವೆ. ಕೊಡ ಹೊತ್ತು ಇಳಿದವರು ದೇವರ ಗೂಡುಗಳನ್ನು ದಾಟಿಯೇ ನೀರು ಮುಟ್ಟಬೇಕಿತ್ತು.