ಬೆಂಗಳೂರು ಹೊರವಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದೇಶ ವ್ಯಾಸಂಗ ಮಾರ್ಗದರ್ಶನ

ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಹೊರದೇಶದಲ್ಲಿ ಒಂದು ಸೆಮಿಸ್ಟರ್ ಅಥವಾ ಇಡೀ ಪದವಿ ಓದಲು ಹೊರಟಾಗ ಇಬ್ಬರ ನೆರವು ಬೇಕಾಗುತ್ತದೆ. ವಿಷಯ ಬಲ್ಲ ಅಧ್ಯಾಪಕರು ಒಬ್ಬರು. ಪ್ರವೇಶ, ವಿದ್ಯಾರ್ಥಿವೇತನ, ವೀಸಾಗಳ ನಿಯಮ ಬಲ್ಲ ಸಲಹೆಗಾರರು ಇನ್ನೊಬ್ಬರು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಲಿನ ಕಾಲೇಜುಗಳಲ್ಲಿ ಈ ಇಬ್ಬರೂ ಒಂದೇ ಮೇಜಿಗೆ ಬರಲು ಬಹಳ ಕಾಲ ಹಿಡಿಯಿತು.

ಮೊದಲ ತಲೆಮಾರಿನಲ್ಲಿ ಎರಡೂ ಕೆಲಸ ಗುರುಗಳದೇ ಆಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಗೆ 1951ರಲ್ಲಿ ಸೇರಿದ ಸತೀಶ್ ಧವನ್, ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದವರು. ಧವನ್ ಅವರ ಶಿಷ್ಯ ರೊದ್ದಂ ನರಸಿಂಹ ಅವರೂ ಅದೇ ಲೀಪ್‌ಮನ್ ಮಾರ್ಗದರ್ಶನದಲ್ಲಿ 1961ರಲ್ಲಿ ಪಿಎಚ್‌ಡಿ ಪಡೆದು ಬೆಂಗಳೂರಿಗೆ ಮರಳಿದರು. ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ, ಕನ್ನಡದಲ್ಲಿ ವಿಜ್ಞಾನ ಬರೆದ ಭೌತಶಾಸ್ತ್ರದ ಮೇಷ್ಟ್ರು. ಮನೆಯಲ್ಲೂ ಸಂಸ್ಥೆಯಲ್ಲೂ ಇಂಥ ಗುರುಗಳಿರುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ. ಇದಕ್ಕೂ ಮೊದಲು ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗೇರಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮೈಕ್ರೋವೇವ್ ವಿಷಯದಲ್ಲಿ ಪಾಂಡಿತ್ಯ ಗಳಿಸಿ 1953ರಲ್ಲಿ ವಿಜ್ಞಾನ ಸಂಸ್ಥೆಗೇ ಅಧ್ಯಾಪಕಿಯಾಗಿ ಮರಳಿದರು. ಹೋಗಿ ಬಂದವರೇ ಮುಂದಿನವರಿಗೆ ದಾರಿ ಹೇಳುವ ಪದ್ಧತಿ ಹೀಗೆ ಬೆಳೆಯಿತು.

ಪೀಣ್ಯ–ಜಾಲಹಳ್ಳಿ ಕಡೆಯ ದಾರಿ ಬೇರೆ. ಅಲ್ಲಿ ವಿದೇಶದ ನಂಟು ಬಂದದ್ದು ಕಾರ್ಖಾನೆಯ ಮೂಲಕ. 1953ರ ಎಚ್‌ಎಂಟಿಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್, 1954ರ ಬಿಇಎಲ್‌ಗೆ ಫ್ರಾನ್ಸಿನ ಸಿಎಸ್‌ಎಫ್ ತಾಂತ್ರಿಕ ಸಹಭಾಗಿಗಳಾಗಿದ್ದವು. ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಮುಂದೆ ಪೀಣ್ಯದಲ್ಲಿ ನೆಲೆಯೂರಿತು. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ ಬಂತು. ಡಿಪ್ಲೊಮಾ ಓದಿದ ಹುಡುಗರಿಗೂ ಯುರೋಪಿನ ಯಂತ್ರಪದ್ಧತಿ ಪರಿಚಯವಾದದ್ದು ಇಂಥ ಕಡೆ. ವಿದೇಶ ವ್ಯಾಸಂಗದ ಇತಿಹಾಸ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ವೈಟ್‌ಫೀಲ್ಡ್ ಕಡೆ 1982ರಲ್ಲಿ ಎಂವಿಜೆ ಕಾಲೇಜು ಶುರುವಾಯಿತು. ಆಮೇಲೆ ಖಾಸಗಿ ಕಾಲೇಜುಗಳು ಹೊರವಲಯದ ಉದ್ದಕ್ಕೂ ಎದ್ದವು. 1998ರಲ್ಲಿ ಅವೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಗೆ ಬಂದವು. ಇಡೀ ರಾಜ್ಯಕ್ಕೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ. ಅದರಿಂದ ಸಣ್ಣ ಊರಿನ ಕಾಲೇಜಿನ ಪದವಿಗೂ ಬೆಲೆ ಬಂತು, ನಿಜ. ಆದರೆ ನಡುವೆ ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವ ಅಧಿಕಾರ ಕಾಲೇಜಿನ ಅಧ್ಯಾಪಕರಿಗೆ ಇರಲಿಲ್ಲ. ಅವರ ಪಾಲಿಗೆ ಉಳಿದದ್ದು ಶಿಫಾರಸು ಪತ್ರಕ್ಕೆ ಸಹಿ ಹಾಕುವುದು. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್ ಎಂಬ ನಿರ್ಧಾರ ಖಾಸಗಿ ಕನ್ಸಲ್ಟೆನ್ಸಿಗಳ ಕೈಗೆ ಹೋಯಿತು. ಪ್ರವೇಶಕ್ಕೆ ಕಮಿಷನ್ ಪಡೆಯುವವರು ಕೊಡುವ ಸಲಹೆ ವಿದ್ಯಾರ್ಥಿಯ ಆಸಕ್ತಿಯ ಸುತ್ತಲೇ ಇರುತ್ತದೆಂದು ನಂಬುವುದು ಕಷ್ಟ.

ಹಾಗಿದ್ದೂ ಕೆಲವು ಸಂಸ್ಥೆಗಳು ಬೇರೆ ದಾರಿ ಹುಡುಕಿದವು. 1999ರಲ್ಲಿ ಆರಂಭವಾದ ಎಂ.ಎಸ್. ರಾಮಯ್ಯ ಸ್ಕೂಲ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನಲ್ಲಿ ಪಾಠ ಬೆಂಗಳೂರಿನಲ್ಲಿ, ಎಂಎಸ್ಸಿ ಪದವಿ ಬ್ರಿಟನ್ನಿನ ಕವೆಂಟ್ರಿ ವಿಶ್ವವಿದ್ಯಾಲಯದ್ದು; ಅದರ ಉತ್ತರಾಧಿಕಾರಿ ವಿಶ್ವವಿದ್ಯಾಲಯಕ್ಕೆ ಇಂದೂ ಪೀಣ್ಯದಲ್ಲಿ ಕ್ಯಾಂಪಸ್ ಇದೆ. ಅದೇ ವರ್ಷ ವೈಟ್‌ಫೀಲ್ಡಿನ ಐಟಿಪಿಎಲ್ ಕಟ್ಟಡದಲ್ಲಿ ಶುರುವಾದ ಐಐಐಟಿ-ಬೆಂಗಳೂರು 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಇನ್ಫೋಸಿಸ್‌ನ ಇನ್‌ಸ್ಟೆಪ್ ಯೋಜನೆ, ಅದೂ 1999ರದೇ, ಹೊರದೇಶದ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಇಲ್ಲಿಗೆ ಕರೆತಂದು ಪ್ರವಾಹವನ್ನು ಎರಡೂ ಕಡೆ ಹರಿಸಿತು.

2007ರ ನಂತರ ಕಾಲೇಜುಗಳಿಗೆ ಸ್ವಾಯತ್ತತೆ ಸಿಗತೊಡಗಿತು. 2015ರಲ್ಲಿ ವಿಟಿಯು ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ ಬಂತು. ಅಧ್ಯಾಪಕರು ಮತ್ತು ಸಲಹೆಗಾರರ ಸಹಕಾರ ಅನಿವಾರ್ಯವಾದದ್ದು ಆಗಲೇ, ಏಕೆಂದರೆ ಕ್ರೆಡಿಟ್ ಎಂಬುದು ಎರಡು ಕಡೆ ಎರಡು ಬಗೆ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಲ್ಯಾಬ್ ಇದ್ದರೆ ಸೆಮಿಸ್ಟರಿಗೆ ಒಂದು ಕ್ರೆಡಿಟ್. ಯುರೋಪಿನಲ್ಲಿ ಮನೆಯ ಓದೂ ಸೇರಿ 25ರಿಂದ 30 ಗಂಟೆಗಳ ಶ್ರಮಕ್ಕೆ ಒಂದು, ವರ್ಷಕ್ಕೆ 60. ಎಐಸಿಟಿಇಯ 2018ರ ಮಾದರಿಯಲ್ಲಿ ನಾಲ್ಕು ವರ್ಷಕ್ಕೆ 160. ಯುರೋಪಿನ ಲೆಕ್ಕಕ್ಕೆ ನಾಲ್ಕು ವರ್ಷವೆಂದರೆ 240. ಅಂಕಗಳದೂ ಇದೇ ಕಥೆ. ಜರ್ಮನಿಯಲ್ಲಿ 1 ಅತ್ಯುತ್ತಮ ದರ್ಜೆ. ಹೊರದೇಶದ ಅಂಕಗಳನ್ನು ಜರ್ಮನಿಯ ದರ್ಜೆಗೆ ಬದಲಿಸುವ ಬವೇರಿಯನ್ ಸೂತ್ರದಲ್ಲಿ 8.5 ಸಿಜಿಪಿಎ ಪಡೆದವರ ದರ್ಜೆ, ಕನಿಷ್ಠ ಉತ್ತೀರ್ಣ ಅಂಕ 4 ಎಂದು ಹಿಡಿದರೆ 1.75, 5 ಎಂದು ಹಿಡಿದರೆ 1.9. ಯಾವುದು ಸರಿ ಎಂದು ಕಾಲೇಜೇ ಬರೆದುಕೊಡಬೇಕು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳು ಪ್ರತಿ ವಿಷಯದಲ್ಲಿ ಏನು ಕಲಿಸಿದ್ದೀರಿ ಎಂಬ ವಿವರವನ್ನೂ ಕೇಳುತ್ತವೆ. ಗಣಿತದ ಮೂರನೇ ಪೇಪರಿನಲ್ಲಿ ಫೂರಿಯೇ ಶ್ರೇಣಿ ಎಷ್ಟರಮಟ್ಟಿಗೆ ಬರುತ್ತದೆ ಎಂಬುದು ಸಲಹೆಗಾರರಿಗೆ ಗೊತ್ತಿರುವುದಿಲ್ಲ. ಆ ವಿವರ ಯಾವ ತಾರೀಖಿನೊಳಗೆ, ಯಾವ ನಮೂನೆಯಲ್ಲಿ ಹೋಗಬೇಕು ಎಂಬುದು ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಹೊರವಲಯದ ಕಾಲೇಜುಗಳು ತೆರೆದ ಅಂತರರಾಷ್ಟ್ರೀಯ ವಿಭಾಗಗಳ ನಿಜವಾದ ಕೆಲಸ ಇದು. ಒಡಂಬಡಿಕೆಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದು ಅದರ ಹೊರಗಿನ ಮಾತು.

ಕಾಗದಪತ್ರದ ಕೆಲಸವೂ ಬೆಳೆಯಿತು. 2022ರ ನವೆಂಬರ್ 1ರಿಂದ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಯಿತು. ಅಮೆರಿಕದ ವೀಸಾ ಸಂದರ್ಶನಕ್ಕೆ ಬೆಂಗಳೂರಿನವರು ಚೆನ್ನೈಗೆ ಓಡುತ್ತಿದ್ದರು. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಕೂಡಲೇ ಶುರುವಾಗಲಿಲ್ಲ. ಪರಿಶಿಷ್ಟ ಜಾತಿಯವರಿಗಾಗಿ 1954–55ರಿಂದ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ರಾಜ್ಯದ ‘ಪ್ರಬುದ್ಧ’ ಯೋಜನೆಗಳ ಸುದ್ದಿ ಮನೆಯಿಂದ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ತಲುಪುವುದು ಹೆಚ್ಚಾಗಿ ತರಗತಿಯ ಅಧ್ಯಾಪಕರಿಂದ. ಹಣವಿದ್ದವರು ಕನ್ಸಲ್ಟೆನ್ಸಿಗೆ ಹೋಗಬಲ್ಲರು, ಇಲ್ಲದವರಿಗೆ ಕಾಲೇಜೇ ಗತಿ.

ಯುಜಿಸಿಯ 2022ರ ಮೇ ನಿಯಮಾವಳಿ ಟ್ವಿನ್ನಿಂಗ್ ಕಾರ್ಯಕ್ರಮಗಳಲ್ಲಿ ಶೇ 30ರವರೆಗಿನ ಕ್ರೆಡಿಟ್‌ಗಳನ್ನು ವಿದೇಶಿ ಸಂಸ್ಥೆಯಲ್ಲಿ ಗಳಿಸಲು ದಾರಿ ಮಾಡಿತು. 2023ರ ನವೆಂಬರಿನ ನಿಯಮಾವಳಿ ವಿದೇಶಿ ವಿಶ್ವವಿದ್ಯಾಲಯಗಳೇ ಇಲ್ಲಿ ಕ್ಯಾಂಪಸ್ ತೆರೆಯಲು ಅವಕಾಶ ಕೊಟ್ಟಿತು. ಅದರಂತೆ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರ ಮೇ ತಿಂಗಳಲ್ಲಿ ಉದ್ದೇಶ ಪತ್ರ (ಲೆಟರ್ ಆಫ್ ಇಂಟೆಂಟ್) ಸಿಕ್ಕಿತು. ವೈಟ್‌ಫೀಲ್ಡಿನ ಅಲೆಂಬಿಕ್ ಸಿಟಿಯಲ್ಲಿ 2026ರ ಆಗಸ್ಟ್‌ನಿಂದ ಕಂಪ್ಯೂಟರ್ ಸೈನ್ಸ್ ಸೇರಿದಂತೆ ಕೆಲವು ಕೋರ್ಸ್ ನಡೆಸುವುದು ಅದರ ಯೋಜನೆ.